ಸಮಾಪ್ತಿ ವಾಕ್ಯ

ಧಾರವಾಡದ ಈ ಹಸ್ತಪ್ರತಿಗಳ ಕೋಣೆಯಲ್ಲಿ ನನ್ನ ಕೆಲಸ
ಪದಗಳನ್ನಲ್ಲ, ಪದಗಳ ಜೋಡಿಗಳನ್ನು ಹಿಡಿಯುವುದು.
ಸುಭಾಸ ರೋಡಿನ ಚಪ್ಪಲಿ ಅಂಗಡಿಯಿಂದ ತಂದ
ಖಾಲಿ ಡಬ್ಬಿಗಳು ಇಪ್ಪತ್ತಾರು.
ಒಂದರಲ್ಲಿ ಮುಗಿಲು ಮುಟ್ಟುವ ಮಾಡಗಳು:
ಯಾವ ಕವಿಯ ಯಾವ ಪಟ್ಟಣವಾದರೂ ಸರಿ,
ಮಾಡ ಮುಗಿಲಿಗೆ ತಾಗಲೇಬೇಕು, ಕೆರೆ ತುಂಬಿರಲೇಬೇಕು,
ಕಳ್ಳರೆಂದರೆ ಮನಸ್ಸು ಕದಿಯುವವರು ಮಾತ್ರ.
ಇನ್ನೊಂದರಲ್ಲಿ ತುರುಬಿಗೆ ಹೆದರಿ ಅಡವಿ ಸೇರಿದ ನವಿಲುಗಳು,
ನಡುವಿಗೆ ನಾಚಿ ಗವಿ ಹೊಕ್ಕ ಸಿಂಹಗಳು.
ಎಣಿಸಿದ್ದೇನೆ, ಸಿಂಹ ನೂರಾ ಹದಿನಾಲ್ಕು.
ಪಾಪ, ಒಂದೂ ಇನ್ನೂ ಹೊರಗೆ ಬಂದಿಲ್ಲ.

ಮೊದಲ ವರ್ಷ ಬೇಸರ ಬಂದಿತ್ತು.
ಬೆಟಗೇರಿಗೆ ಹೋದಾಗ ಅಪ್ಪನ ಮುಂದೆ ಅಂದೆ:
ಹಿಂದಿನವರಿಗೆ ಹೊಸಾದು ಹೊಳೀತಿರಲಿಲ್ಲೇನೋ,
ಎಲ್ಲಾರದೂ ಅದಽ ರಾಗ.
ಕುಣಿಮಗ್ಗದಿಂದ ತಲೆ ಎತ್ತದೆ ಅಪ್ಪ ಲಾಳಿ ಒಗೆದ:
"ಗೋಮಿ ದಡಿ ನಮ್ಮಜ್ಜನೂ ನೇಯ್ದ,
ಚಿಕ್ಕಿಪರಾಸ ಅವರಜ್ಜನೂ ನೇಯ್ದ.
ದಡಿ ಹಳೇದಽ ಐತಿ. ಉಟ್ಟಾಕಿ ಹೊಸಬಾಕಿ."
ಮತ್ತೆ ಲಾಳಿ. ಮಾತು ಮುಗಿಯಿತು.

ನನಗೆ ಪ್ರಿಯವಾದದ್ದು ಹದಿನೇಳನೆಯ ಡಬ್ಬಿ.
ಅದರಲ್ಲಿ ಕವಿಗಳಿಲ್ಲ. ನಕಲು ಮಾಡಿದವರು,
ಕೊನೆಯ ಗರಿಯಲ್ಲಿ ಉಸಿರು ಬಿಟ್ಟವರು:
ಬೆನ್ನು ಬಾಗಿತು, ಕೊರಳು ಬಾಗಿತು, ಕಣ್ಣು ಮಂಜಾಯಿತು;
ನೀರಿನಿಂದ ಕಾಯುವುದು, ಎಣ್ಣೆಯಿಂದ ಕಾಯುವುದು,
ಸಡಿಲ ಕಟ್ಟಿನಿಂದ ಕಾಯುವುದು;
ತಪ್ಪಿದ್ದರೆ ತಿದ್ದಿ ಓದುವುದು.
ಹಾನಗಲ್ಲಿನವನೂ ಹೀಗೆಯೇ, ಲಕ್ಷ್ಮೇಶ್ವರದವನೂ ಹೀಗೆಯೇ,
ನಡುವೆ ಇನ್ನೂರು ವರ್ಷ ಬಿದ್ದಿದ್ದರೂ ಅದೇ ಬೆನ್ನು.
ಇನಾಮದಾರ ಸರ್ ಅನ್ನುತ್ತಾರೆ: ಅದು ಬೆನ್ನಲ್ಲವಾ, ಸಂಪ್ರದಾಯ.
ಐದು ಗಂಟೆಗೆ ಕುರ್ಚಿಯಿಂದ ಏಳುವಾಗ
ನನ್ನ ಸಂಪ್ರದಾಯ ಲಟಕ್ಕೆನ್ನುತ್ತದೆ.

ಕಳೆದ ಗುರುವಾರ ಸವಣೂರ ಕಡೆಯಿಂದ ಒಂದು ಕಟ್ಟು ಬಂತು.
ನಿಂಬೆಹುಲ್ಲಿನೆಣ್ಣೆ ಸವರಿ ಒರೆಸಿದಾಗ ಅಕ್ಷರ ಎದ್ದವು.
ಬೆನ್ನು ಇತ್ತು. ಕೊರಳು ಇತ್ತು. ನೀರು, ಎಣ್ಣೆ, ಎಲ್ಲ ಇತ್ತು.
ತಿದ್ದಿ ಓದುವ ಜಾಗಕ್ಕೆ ಬಂದರೆ
'ಎಡ' ಎಂದು ಎರಡಕ್ಷರ, ಆಮೇಲೆ ಹುಳ ತಿಂದ ತೂತು,
ತೂತಿನಾಚೆ 'ಯೆಂದು ಏಡಿಸದೆ ಓದುವುದು'.

ಸರ್ ಕನ್ನಡಕ ಹಣೆಗೇರಿಸಿದರು:
"'ಎಡವಿದೆಯೆಂದು' ಇರಬೇಕು. ಹಂಗಽ ತುಂಬು."
ಪೆನ್ಸಿಲ್ಲಿನಲ್ಲಿ ತುಂಬಿದೆ.

ಕಸಬರಿಗೆ ಹಿಡಿದು ನಿಂತಿದ್ದ ಫಕೀರವ್ವ,
ಓದು ಬಾರದವಳು, ಗರಿಯ ಮೇಲೆ ಬಾಗಿದಳು.
"ಇವೆಲ್ಲಾ ಇತ್ತಾಗ ವಾಲ್ಯಾವಲ್ರಿ,
ಉಳಿದ ಗರಿಯಾಗಿನವು ಅತ್ತಾಗ.
ಇಂವ ಎಡಚ ಇದ್ದಾನ ತಗೋರಿ.
ಎಡಗೈಲೆ ರೊಟ್ಟಿ ಬಡದ್ರ ನಮ್ಮತ್ತಿ
ಕೊಳ್ಳಿಲೆ ಹೊಡೀತಿದ್ಳು ನನಗ."

ತೂತಿನ ಮೇಲೆ ಭೂತಗನ್ನಡಿ ಇಟ್ಟೆ.
ಅಂಚಿನಲ್ಲಿ ಗಕಾರದ ಒಂದು ಬಾಗು, ಕೂದಲೆಳೆಯಷ್ಟು.
ಇದ್ದೀತು. ಇರಲಿಕ್ಕಿಲ್ಲ.

ಎಡಗೈಯೆಂದು ಏಡಿಸದೆ ಓದುವುದು.

ಗ್ರಂಥವನ್ನೆಲ್ಲ ಪರರ ಮಾತಿನಲ್ಲಿ ಬರೆದವನು,
ದಣಿವನ್ನೂ ಪರರ ಮಾತಿನಲ್ಲೇ ಹೇಳಿದವನು,
ಒಂದು ಪದದ ಸಂದಿನಲ್ಲಿ ಮಾತ್ರ ಕೈ ಹೊರಗಿಟ್ಟ.
ಹುಳ ಅಲ್ಲಿಯೇ ತಿಂದಿತು.
ನೂರು ಜನ ಅದೇ ಬೆನ್ನನ್ನು ಬರೆದಿರದಿದ್ದರೆ
ಈ ಕೈ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಸರ್ ಒಪ್ಪಲಿಲ್ಲ. ಆಧಾರ ಬೇಕು ಎಂದರು; ನಿಜವೇ.
ಚೀಟಿಯಲ್ಲಿ ಎರಡೂ ಪಾಠ ಬರೆದೆ, ಎರಡಕ್ಕೂ ಪ್ರಶ್ನೆಚಿಹ್ನೆ ಹಾಕಿ.
'ಆಧಾರ' ಎಂದು ಅಚ್ಚಾದ ಗೆರೆಯ ಮುಂದೆ ತುಸು ಹೊತ್ತು ಕೂತೆ.
ಫಕೀರವ್ವ, ಮುಳಗುಂದ, ಎಂದು ಬರೆದೆ.

ಇವತ್ತು ಬೆಳಿಗ್ಗೆ ಆಕೆ ಗುಡಿಸುವುದನ್ನು ನೋಡಿದೆ.
ಹನ್ನೊಂದು ವರ್ಷ ನೋಡಿರಲಿಲ್ಲ.
ಎಲ್ಲರೂ ಕಸ ಕೂಡಿಸುವ ಬಾಗಿಲ ಮೂಲೆ ಬಿಟ್ಟು
ಕಿಟಕಿಯ ಕೆಳಗೆ, ಇನ್ನೊಂದು ಮಗ್ಗುಲಿಗೆ,
ಅವಳ ಗುಡ್ಡೆ ಬೆಳೆಯುತ್ತಿತ್ತು.